ಮಚ್ಛೇಂದ್ರ ನೆಟ್ಟ ಕೋಲುಗಳು

ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಪಾಟೀಲರ ಮನೆತನದವರು ಇನ್ನೂ ಅಲ್ಲೇ ಇದ್ದಾರೆ. ಭಾಲ್ಕಿ ಸಂತೆಯಲ್ಲಿ ಸಿಕ್ಕರೆ ನನಗೆ ಕೈಮುಗಿಯುತ್ತಾರೆ, ಆ ನಮಸ್ಕಾರ ತೆಗೆದುಕೊಳ್ಳುವಾಗ ನನಗೆ ಮೈಯೆಲ್ಲ ಮುಳ್ಳಾಗುತ್ತದೆ. ಭಾಲ್ಕಿಯಿಂದ ಠಾಣಾ ಕುಶನೂರಿನ ಕಡೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗೆ ಒಂದು ಸಣ್ಣ ಕೆರೆ, ಕೆರೆಯ ಏರಿಯ ಕೆಳಗೆ ಊರು. ಅಷ್ಟು ತಿಳಿದರೆ ಸಾಕು. ಆ ಕೆರೆಯನ್ನು ಕಾಯುತ್ತಿದ್ದವನು ಮಚ್ಛೇಂದ್ರ. ಅವನ ಕತೆಯನ್ನು ಬೇರೆ ಯಾರೂ ಬರೆಯುವುದಿಲ್ಲ, ಬರೆದರೂ ತಪ್ಪು ಬರೆಯುತ್ತಾರೆ. ಅದಕ್ಕೇ ನಾನು ಕೂತಿದ್ದೇನೆ.

ಅವನ ಅಜ್ಜ, ಅಪ್ಪ ಎಲ್ಲರೂ ಅದೇ ಕೆಲಸ ಮಾಡಿದವರು. ತೂಬು ತೆಗೆಯುವುದು, ಮುಚ್ಚುವುದು, ಏರಿಯಲ್ಲಿ ಏಡಿ ಕೊರೆದ ತೂತುಗಳಿಗೆ ಜೇಡಿಮಣ್ಣು ಮೆತ್ತುವುದು, ಮಳೆಗಾಲದಲ್ಲಿ ಕಂಬಳಿ ಹೊದ್ದು ಏರಿಯ ಮೇಲೇ ಇರುವುದು. ಎತ್ತರದ ಆಳು, ಕಡಿಮೆ ಮಾತು, ನಗುವಾಗ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ನನಗಿಂತ ಹದಿನೈದು ವರ್ಷ ಹಿರಿಯ. ಆದರೂ ನಾನು ಅವನನ್ನು ‘ನೀ’ ಎನ್ನುತ್ತಿದ್ದೆ, ಅವನು ನನ್ನನ್ನು ‘ನೀವು’ ಎನ್ನುತ್ತಿದ್ದ. ಹೊಲಗೇರಿಯವನಿಗೆ ಊರಲ್ಲಿ ಯಾರೂ ಬಹುವಚನ ಕೊಡುತ್ತಿರಲಿಲ್ಲ. ಬಸವಣ್ಣನವರ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವ ಮನೆಯಲ್ಲಿ ಹುಟ್ಟಿದ ನಾನೂ ಕೊಡಲಿಲ್ಲ. ಈಗ ಬರೆಯುವಾಗಲೂ ‘ಅವನು’ ಎಂದೇ ಬರುತ್ತಿದೆ. ತಿದ್ದಿ ಬರೆದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ, ಆದ್ದರಿಂದ ತಿದ್ದುವುದಿಲ್ಲ.

ವರ್ಷಕ್ಕೊಂದು ದಿನ ಮಾತ್ರ ಆ ಊರಿನಲ್ಲಿ ಮಚ್ಛೇಂದ್ರನ ಮಾತೇ ಮಾತು. ವೈಶಾಖದಲ್ಲಿ ಕೆರೆ ಇಳಿದಾಗ ಊರಿಗೆ ಊರೇ ನೀರಿಗೆ ಇಳಿದು ಮೀನು ಹಿಡಿಯುವ ದಿನ ಅದು. ಅದಕ್ಕೆ ‘ಕೆರಿ ಬಿಡೂದು’ ಎನ್ನುತ್ತಿದ್ದರು. ಅದಕ್ಕೆ ಎರಡು ದಿನ ಮೊದಲು ಅವನು ಒಬ್ಬನೇ ನೀರಿಗೆ ಇಳಿಯುತ್ತಿದ್ದ. ಕಾಲಿನಿಂದ ತಡವಿ, ಗಳದಿಂದ ಅಳೆದು, ಎಲ್ಲಿಯವರೆಗೆ ಹೋಗಬಹುದೋ ಅಲ್ಲಿ ಲಕ್ಕಿ ಗಿಡದ ಉದ್ದ ಕೋಲು ನೆಡುತ್ತಿದ್ದ. ಪ್ರತಿ ಕೋಲಿನ ತುದಿಗೆ ಬೇವಿನ ಸೊಪ್ಪು. ಹಳೆಯ ಬರಗಾಲದಲ್ಲಿ ಏರಿಗೆ ಮಣ್ಣು ಹಾಕಲು ಮೂಡಣ ದಂಡೆಯ ಹತ್ತಿರ ಅಗೆದ ಒಂದು ದೊಡ್ಡ ತಗ್ಗು ನೀರಿನೊಳಗಿತ್ತು. ಹೂಳು ಸರಿದು ಅದರ ಅಂಚು ವರ್ಷ ವರ್ಷಕ್ಕೆ ಬದಲಾಗುತ್ತಿತ್ತು. ಹೀಗಾಗಿ ಈ ವರ್ಷ ಅದು ಎಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಉಳಿದವರಿಗೆ ಗೊತ್ತಿದ್ದದ್ದು ಇಷ್ಟೇ: ಕೋಲಿನ ಈಚೆ ಆಟ, ಆಚೆ ಸಾವು. ಮಕ್ಕಳಿಗೂ ಅದನ್ನು ಬೇರೆ ಹೇಳಿಕೊಡಬೇಕಿರಲಿಲ್ಲ.

ನಾನು ಒಮ್ಮೆ ಮಾತ್ರ ಆ ದಿನವನ್ನು ನೋಡಿದ್ದೇನೆ. ಬಲೆಯವರು ಬಲೆ, ಬುಟ್ಟಿಯವರು ಬುಟ್ಟಿ, ಏನೂ ಇಲ್ಲದವರು ಧೋತರದ ಸೆರಗು ಹಿಡಿದು ದಂಡೆಯ ಮೇಲೆ ನಿಂತಿದ್ದರು. ಮೀನು ತಿನ್ನದ ಲಿಂಗಾಯತರು ಏರಿಯ ಮೇಲೆ ಕೂತು ಚುರಮುರಿ ತಿನ್ನುತ್ತ, ಯಾರ ಬುಟ್ಟಿ ಎಷ್ಟು ತುಂಬಿತು ಎಂದು ಪಂಚಾಯ್ತಿ ಮಾಡುತ್ತಿದ್ದರು. ಬಿಸಿಲೇರಿದ ಮೇಲೆ ಅವರೂ ತಡೆಯಲಾರದೆ ನೀರಿಗೆ ಇಳಿದರು. ಇದೆಲ್ಲ ಶುರುವಾಗುವ ಮೊದಲು ಪಾಟೀಲ ಮನ್ಮಥಪ್ಪನವರು ಎಲ್ಲರ ಎದುರು ಕೇಳಬೇಕು: “ಬಿಡ್ಲೇನೊ ಮಚ್ಛೇಂದ್ರಾ?” ಅವನು ಒಮ್ಮೆ ನೀರಿನ ಉದ್ದಕ್ಕೂ ಕಣ್ಣಾಡಿಸಿ, “ಬಿಡ್ರಿ” ಎಂದ ಮೇಲೆಯೇ ಕೂಗೆದ್ದು ಜನ ನುಗ್ಗುವುದು. ಆಗ ಅವನ ಮುಖ ನೋಡಬೇಕಿತ್ತು.

ಉಳಿದ ದಿನಗಳಲ್ಲಿ ಅವನ ಮನೆಯ ಕೊಡ ಆ ಕೆರೆಯ ಮೆಟ್ಟಿಲು ಮುಟ್ಟುವಂತಿರಲಿಲ್ಲ. ಅವನ ಹೆಂಡತಿ ಕೌಸಲ್ಯಾಬಾಯಿ ತೂಬಿನ ಕೆಳಗಿನ ಕಾಲುವೆಯಲ್ಲಿ, ಎಮ್ಮೆಗಳು ಹೊರಳುವ ಜಾಗದಲ್ಲಿ, ಬಟ್ಟೆ ಹಿಡಿದು ನೀರು ಸೋಸಿ ತರುತ್ತಿದ್ದಳು. ಕೆರೆ ಕಾಯುವವನ ಮನೆಗೆ ಕೆರೆಯ ನೀರಿಲ್ಲ. ಇದನ್ನು ವಿಚಿತ್ರ ಎಂದುಕೊಂಡವನು ಆ ಊರಿನಲ್ಲಿ ನಾನೊಬ್ಬನೇ. ಅಂದುಕೊಂಡು ಸುಮ್ಮನಾದವನೂ ನಾನೇ.

ನಾನು ಬೀದರದಿಂದ ಅಲ್ಲಿಯ ಶಾಲೆಗೆ ಮಾಸ್ತರನಾಗಿ ಹೋದದ್ದು ಐವತ್ತೈದರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ. ಮಚ್ಛೇಂದ್ರನ ಒಬ್ಬಳೇ ಮಗಳು ಮೀರಾ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂತು, ಕಿಟಕಿಯಿಂದ ಕೇಳಿದ ಪಾಠವನ್ನು ಪಾಟಿಯ ಮೇಲೆ ಬರೆಯುತ್ತಿದ್ದಳು. ಎರಡನೆಯ ವಾರವೇ ನಾನು ಅವಳನ್ನು ಒಳಗೆ ಕರೆದು ಮೊದಲ ಸಾಲಿನಲ್ಲಿ ಕೂರಿಸಿದೆ. ಊರಲ್ಲಿ ಗುಲ್ಲಾಯಿತು, ನಾಲ್ಕು ದಿನ ಶಾಲೆ ಅರ್ಧ ಖಾಲಿ. ಕಾಯಿದೆ ತೋರಿಸಿ, ಹಟ ಹಿಡಿದು ಕೂತೆ. ಕೊನೆಗೆ ಪಾಟೀಲರೇ ಸೋತು, “ಹೋಗ್ಲಿ ಬಿಡ್ರಿ, ಈ ಮಾಸ್ತರ ಇರೂತನಕ ನಡೀಲಿ” ಎಂದರು. ಅಂದು ಸಂಜೆ ಮಚ್ಛೇಂದ್ರ ನನ್ನ ಬಾಗಿಲಿಗೆ ಬಂದು ಕೈಮುಗಿದು ಹೋದ. ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದನ್ನು ಮಾಡಿದ್ದಕ್ಕೆ ನನಗೆ ಬಂದ ಜಂಭ ಮಾತ್ರ ಹತ್ತು ಕೆಲಸಕ್ಕೆ ಸಾಕಾಗುವಷ್ಟಿತ್ತು.

ಮರುವರ್ಷ ನವೆಂಬರ್ ಒಂದಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವೆ ಎಂಬ ಸುದ್ದಿ ಬಂತು. ನಿನ್ನೆಯವರೆಗೆ ಹೈದರಾಬಾದಿನವರು, ನಾಳೆಯಿಂದ ಮೈಸೂರಿನವರು. ಮೈಸೂರು ಯಾವ ದಿಕ್ಕಿಗಿದೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನ ಬಳಿ ನಕಾಶೆ ಇತ್ತು, ಆದ್ದರಿಂದ ನಾನು ದೊಡ್ಡ ಮನುಷ್ಯನಾದೆ. ಭಾಲ್ಕಿಯಿಂದ ಸಾಹೇಬರು ಬರುತ್ತಾರೆ, ಏನಾದರೂ ಸಮಾರಂಭ ಆಗಬೇಕು ಎಂದು ಪಾಟೀಲರು ಹೇಳಿದಾಗ, ಅಂದು ಕೆರೆ ಬಿಡೋಣ, ಎಲ್ಲ ಜಾತಿಯವರೂ ಒಂದೇ ನೀರಿನಲ್ಲಿ ಇಳಿಯುವುದನ್ನು ಸಾಹೇಬರು ನೋಡಲಿ ಎಂದವನು ನಾನು. ಎಲ್ಲರಿಗೂ ಅದು ಹಿಡಿಸಿತು.

ಮಚ್ಛೇಂದ್ರನಿಗೆ ಹಿಡಿಸಲಿಲ್ಲ. “ಇದು ಹೊತ್ತಲ್ರಿ ಮಾಸ್ತರ. ಮಳಿ ನೀರು ತುಂಬ್ಯಾದ. ತಗ್ಗಿನ ಅಂಚಿಗೆ ಈಗ ಸೊಂಟಮಟ ನೀರ ಅದ, ಒಂದ ಹೆಜ್ಜಿ ಮುಂದ ಇಟ್ರ ಎರಡಾಳುದ್ದ ಅದ.”

“ದಂಡಿ ಹತ್ರನೇ ಆಡ್ಲಿ. ನೀ ಕೋಲು ನೆಟ್ಟಿ ಅಂದ್ರ ಯಾರು ದಾಟ್ತಾರ?” ಎಂದೆ. ಅವನು ಗಳವನ್ನು ಕೈಗೆತ್ತಿಕೊಂಡ. “ನೀವು ಹೇಳಿದ್ರ ಕೋಲು ನೆಡ್ತೇನಿ. ಆದ್ರ ನಾ ಬಿಡ್ರಿ ಅನ್ನೂತನಕ ಯಾರೂ ಇಳೀಬಾರ್ದ್ರಿ” ಎಂದ. ನಾನು ಒಪ್ಪಿದೆ. ಎರಡು ದಿನ ಅವನು ಆ ಚಳಿನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಇದ್ದ. ಸಂಜೆ ಹೊರಬಂದಾಗ ತುಟಿಗಳು ನೀಲಿಯಾಗಿರುತ್ತಿದ್ದವು.

ಒಂದನೆಯ ತಾರೀಖು ಬೆಳಿಗ್ಗೆ ಪಾಟೀಲರು ಅವನನ್ನು ದೊಡ್ಡ ರಸ್ತೆಗೆ ಕಳಿಸಿದರು. ಸಾಹೇಬರ ಜೀಪಿಗೆ ದಾರಿ ತೋರಿಸುತ್ತ ಮುಂದೆ ನಡೆದು ಬರುವುದು ಅವನ ಪಾಲಿನ ಚಾಕರಿ. ನಾನು ಮತ್ತು ದರ್ಜಿ ಅಬ್ದುಲ ಖಾದರ ಕೆರೆಯ ದಂಡೆಗೆ ಹೋದೆವು. ಖಾದರ ಬಣ್ಣದ ಬಟ್ಟೆಯ ಚೂರುಗಳಿಂದ ಉದ್ದನೆಯ ಪತಾಕೆಯ ಹಗ್ಗ ಹೊಲಿದು ತಂದಿದ್ದ. ಅದನ್ನು ಕೋಲುಗಳಿಗೆ ಕಟ್ಟಬೇಕೆಂಬುದು ನನ್ನ ಯೋಜನೆ.

ಕೋಲುಗಳ ಸಾಲು ಎಡಗಡೆಯಿಂದ ನೆಟ್ಟಗೆ ಬಂದು, ನಡುವೆ ದಂಡೆಯ ಕಡೆಗೆ ಬಿಲ್ಲಿನಂತೆ ಬಾಗಿ, ಮತ್ತೆ ನೆಟ್ಟಗೆ ಹೋಗಿತ್ತು. ಸಾಹೇಬರು ಕೂರುವ ಚಪ್ಪರದಿಂದ ಅದು ಸೊಟ್ಟ ಕಾಣುತ್ತಿತ್ತು. ಕೋಲುಗಳು ಗಡಿ ಎಂದು ನನಗೆ ಗೊತ್ತಿತ್ತು. ಆ ಬಾಗಿಗೂ ಒಂದು ಕಾರಣ ಇದ್ದೀತು ಎಂದು ನನಗೆ ಹೊಳೆಯಲಿಲ್ಲ. ಚಳಿಗೆ ನಡುಗುತ್ತ ಹ್ಯಾಗೋ ನೆಟ್ಟಿದ್ದಾನೆ, ಓದು ಬರಹ ಇಲ್ಲದವನು, ಗೆರೆ ನೇರ ಬರಲಿಲ್ಲ ಎಂದುಕೊಂಡೆ. ಹುಡುಗರ ಪಾಟಿಯ ಮೇಲೆ ಸೊಟ್ಟ ಗೆರೆ ಕಂಡರೆ ಒರೆಸಿ ಹೊಸದು ಎಳೆಯುವ ಕೈ ನನ್ನದು. ಧೋತರ ಮೇಲೆ ಕಟ್ಟಿ ನೀರಿಗೆ ಇಳಿದೆ. ಬಾಗಿದ ಜಾಗದ ಹನ್ನೊಂದು ಕೋಲುಗಳನ್ನು ಕಿತ್ತು ದಂಡೆಗೆ ಎಸೆದೆ, ಈ ಬದಿಯ ಕೋಲಿನಿಂದ ಆ ಬದಿಯ ಕೋಲಿಗೆ ಹಗ್ಗ ಬಿಗಿದೆವು. ಪತಾಕೆಗಳು ಸಾಲಾಗಿ ಹಾರಿದವು. “ಭಾಳ ಛಂದ ಆತ್ರಿ ಮಾಸ್ತರ” ಎಂದ ಖಾದರ. ನನಗೂ ಹಾಗೇ ಅನಿಸಿತು.

ಸಾಹೇಬರು ಬರುವುದು ತಡವಾಯಿತು. ಹನ್ನೊಂದಾದರೂ ಜೀಪಿನ ಸುಳಿವಿಲ್ಲ. ಜನ ದಂಡೆಯ ಮೇಲೆ ಕಿಕ್ಕಿರಿದು ಗದ್ದಲ ಎಬ್ಬಿಸಿದರು. ಪಾಟೀಲರು ನನ್ನ ಕಡೆ ತಿರುಗಿ, “ಮಚ್ಛೇಂದ್ರ ಇಲ್ಲಲ್ಲ. ನೀವ ಹೇಳ್ರಿ ಮಾಸ್ತರ, ಬಿಡ್ಲೇನು?” ಎಂದರು.

ಅವನಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಅಷ್ಟು ಜನ ನನ್ನ ಬಾಯನ್ನೇ ನೋಡುತ್ತಿದ್ದರು. “ಬಿಡ್ರಿ” ಎಂದೆ.

ಅರ್ಧ ತಾಸು ಎಲ್ಲ ಚೆನ್ನಾಗಿತ್ತು. ಹೆಂಗಸರು ನಗುತ್ತಿದ್ದರು, ಯಾರದೋ ಬುಟ್ಟಿಗೆ ಮೊಣಕೈ ಉದ್ದದ ಕೊರಮೀನು ಬಿತ್ತೆಂದು ಕೇಕೆ ಹಾಕಿದರು. ಪಾಟೀಲರ ತಂಗಿಯ ಮಗ ಹಾವಗೆಪ್ಪ, ಇಪ್ಪತ್ತೆರಡರ ಹುಡುಗ, ಮದುವೆಯಾಗಿ ಐದು ತಿಂಗಳು, ಈಜು ಬಾರದಿದ್ದರೂ ಸೊಂಟಮಟ ನೀರಿನಲ್ಲಿ ನಡೆಯುತ್ತ ಹಗ್ಗದ ಹತ್ತಿರ ಹೋದ. ದಂಡೆಯ ಮೇಲಿದ್ದ ಹೆಂಡತಿಗೆ ಕೈ ಬೀಸಿದ. ಗಡಿಯ ಒಳಗೇ ಇದ್ದ. ಇನ್ನೂ ಎರಡು ಹೆಜ್ಜೆ ಹೋದರೂ ಗಡಿಯ ಒಳಗೇ ಇರುತ್ತಿದ್ದ. ಮಚ್ಛೇಂದ್ರನ ಕೋಲನ್ನು ನಂಬಿ ಬೆಳೆದ ಊರು ಅದು, ಅನುಮಾನಪಡುವುದು ಆ ಹುಡುಗನಿಗೆ ಯಾಕೆ ಬರಬೇಕು? ಒಂದು ಹೆಜ್ಜೆ ಇಟ್ಟ, ಕಾಣಿಸಲಿಲ್ಲ. ಪತಾಕೆಯ ಹಗ್ಗ ಒಮ್ಮೆ ಜೋರಾಗಿ ಜಗ್ಗಿತು. ಆಟ ಆಡುತ್ತಿದ್ದಾನೆ ಎಂದು ಕೆಲವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅಷ್ಟರಲ್ಲಿ ಏರಿಯ ಮೇಲೆ ಜೀಪು ಬಂತು. ಜೀಪಿನ ಮುಂದೆ ನಡೆಯುತ್ತಿದ್ದ ಮಚ್ಛೇಂದ್ರ ಕೆರೆ ನೋಡಿದವನೇ ಕಿರುಚಿದ. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ. ಓಡಿ ಬಂದು ಮೈಮೇಲಿನ ಬಟ್ಟೆಯ ಸಮೇತ ಮುಳುಗಿದ. ಮೊದಲ ಸಲ ಬರಿಗೈಯಲ್ಲಿ ಎದ್ದ. ಎರಡನೆಯ ಸಲ ಹಾವಗೆಪ್ಪನನ್ನು ಎಳೆದು ತಂದ, ದಂಡೆಯ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದ. ಮುಟ್ಟಬೇಡ ಎಂದು ಅಂದು ಯಾರೂ ಹೇಳಲಿಲ್ಲ. ಒತ್ತುತ್ತಲೇ ಇದ್ದ. ಸಾಕು ಎಂದು ಹೇಳಿ ಅವನ ಕೈಗಳನ್ನು ಬಿಡಿಸಿದವನು ಅಬ್ದುಲ ಖಾದರ. ಸಾಹೇಬರು ಜೀಪಿನಿಂದ ಇಳಿಯದೆ ಹಾಗೇ ಹಿಂದಿರುಗಿದರು.

ಮರುದಿನ ಭಾಲ್ಕಿಯಿಂದ ಪೊಲೀಸ್ ಜಮಾದಾರ ಬಂದ. ಚಾವಡಿಯಲ್ಲಿ ಪಂಚನಾಮೆ. ಮಚ್ಛೇಂದ್ರನನ್ನು ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂರಿಸಿದ್ದರು. ನಾನು ಕನ್ನಡದಲ್ಲಿ ಹೇಳಿಕೆ ಬರೆದುಕೊಳ್ಳಲು ಪಾಟೀಲರ ಪಕ್ಕದಲ್ಲಿ, ಚಾಪೆಯ ಮೇಲೆ.

“ಕೋಲು ನೆಟ್ಟಾಂವ ಯಾರು?” ಜಮಾದಾರ ಕೇಳಿದ.

“ನಾನೇರಿ.”

“ಅಲ್ಲಿ ತಗ್ಗು ಅದ ಅಂತ ಗೊತ್ತಿತ್ತಿಲ್ಲೊ?”

“ಗೊತ್ತಿತ್ರಿ.”

“ಮತ್ತ ಅಲ್ಲಿ ಯಾಕ ನೆಟ್ಟಿಲ್ಲ?”

ಮಚ್ಛೇಂದ್ರ ತಲೆ ಎತ್ತಿ ನನ್ನನ್ನು ನೋಡಿದ. ಕಿತ್ತು ಎಸೆದ ಹನ್ನೊಂದು ಕೋಲುಗಳನ್ನು ಅವನು ದಂಡೆಯ ಮೇಲೆ ಕಂಡಿದ್ದ, ಹಗ್ಗ ಯಾರ ಯೋಜನೆ ಎಂದು ಅವನಿಗೆ ಗೊತ್ತಿತ್ತು. ಈಗ ಹೇಳುತ್ತಾನೆ, ಹೇಳಲಿ, ಹೇಳಿಬಿಟ್ಟರೆ ನಾನು ಹೌದು ಎನ್ನುತ್ತೇನೆ ಎಂದುಕೊಂಡೆ. ಅವನು ಹೇಳಲೆಂದು ಕಾದೆ, ನಾನಾಗಿ ಹೇಳಲಿಲ್ಲ.

“ಮರತೀನ್ರಿ” ಎಂದ ಅವನು.

ಜಮಾದಾರ ಅವನ ಕೆನ್ನೆಗೆ ಎರಡು ಹೊಡೆದ. ನಾನು ಕಾಗದದ ಮೇಲೆ ‘ಮರೆತೆನು’ ಎಂದು ಬರೆದೆ. ಅಕ್ಷರ ದುಂಡಗೆ ಬಂದಿತ್ತು.

ಮೂರನೆಯ ದಿನ ಬೆಳಿಗ್ಗೆ ಅವನ ಗುಡಿಸಲಿಗೆ ಹೋದೆ. ಕೌಸಲ್ಯಾಬಾಯಿ ನೀರಿಗೆ ಹೋಗಿದ್ದಳು, ಮೀರಾ ಶಾಲೆಯ ದಾರಿಯಲ್ಲಿದ್ದಳು. ನೀ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ಖರೆ ಹೇಳಿದ್ರ ನಿಮ್ಮನ್ನ ಇಲ್ಲಿಂದ ತೆಗೀತಿದ್ರು. ನೀವ್ ಹೋದ್ರ ಮೀರಾ ಮತ್ತ ಕಟ್ಟಿ ಮ್ಯಾಲ” ಎಂದ. ಕೆನ್ನೆ ಇನ್ನೂ ಊದಿತ್ತು. “ನನಗೇನ್ರಿ, ಎಲ್ಲರೆ ಹಮಾಲಿ ಮಾಡ್ತೇನಿ. ಆಕಿ ನಾಕನೇತ್ತ ಪಾಸ್ ಆಗೂತನಕ ನೀವ್ ಇಲ್ಲೇ ಇರ್ರಿ. ಅಷ್ಟ ಮಾಡ್ರಿ ಸಾಕು. ಯಾರಿಗೂ ಹೇಳಬ್ಯಾಡ್ರಿ. ಮೀರಾಗೂ ನಾ ಹೇಳಿಲ್ಲ, ಸಣ್ಣದು, ಬಾಯಿ ಬಿಡ್ತದ.”

ಇನ್ನೆರಡು ವರ್ಷ. ಅಷ್ಟೇ ಅವನು ಕೇಳಿದ್ದು. ಇರುತ್ತೇನೆ ಎಂದು ಅವನ ಎರಡೂ ಕೈ ಹಿಡಿದುಕೊಂಡು ಹೇಳಿದೆ. ಆ ಊರಿನಲ್ಲಿ ಅವನ ಕೈ ಹಿಡಿದ ಮೊದಲ ಮೇಲುಜಾತಿಯವನು ನಾನೇ ಇರಬೇಕು, ಆಗಲೂ ಅದೊಂದು ಹೆಮ್ಮೆ ಮನಸ್ಸಿನಲ್ಲಿ ಹಾದುಹೋಯಿತು. ಎಂಥ ಮನುಷ್ಯ ನಾನು.

ಅವನನ್ನು ಕೆರೆಯಿಂದ ತೆಗೆದರು. ಕೆರೆ ಬಿಡುವುದೂ ನಿಂತಿತು. ಅಂದಿನಿಂದ ಆ ನೀರಿನಲ್ಲಿ ಯಾರೂ ಮೀನು ಹಿಡಿಯಲಿಲ್ಲ, ಯಾರೂ ಆಡಲಿಲ್ಲ. ಶಾಲೆಯ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಪಾಠ ಮಾಡುವಾಗ ನಾನು ಅತ್ತ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಆಗ ಎದುರಿಗೆ ಮೊದಲ ಸಾಲಿನಲ್ಲಿ ಮೀರಾ. ಒಂದು ದಿನ ಖಾದರ ದಾರಿಯಲ್ಲಿ ಅಡ್ಡ ನಿಂತು, “ನೀವ್ ಹೇಳ್ತೀರಿ ಅಂತ ನಾ ಕಾಯಲಿಕ್ಕತ್ತೀನ್ರಿ ಮಾಸ್ತರ. ನನ್ನಂಥಾಂವ ಹೇಳಿದ್ರ ನನ್ನ ಕುತ್ತಿಗಿಗೇ ಬರ್ತದ” ಎಂದ. ನಲವತ್ತೆಂಟರಲ್ಲಿ ಹೈದರಾಬಾದಿಗೆ ದಂಡು ನುಗ್ಗಿದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಅಣ್ಣನನ್ನು ಕಳೆದುಕೊಂಡ ಮೇಲೆ ಆ ಮನುಷ್ಯ ತಲೆ ತಗ್ಗಿಸಿಯೇ ಬದುಕಿದ್ದ, ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾನು ಬದಿಗೆ ಸರಿದು ನಡೆದೆ. ಆಮೇಲೆ ಅವನು ನನಗೆ ಸಲಾಮು ಹಾಕುವುದನ್ನು ಬಿಟ್ಟ.

ಫೆಬ್ರವರಿಯಲ್ಲಿ ನಾನು ವರ್ಗಾವಣೆಗೆ ಅರ್ಜಿ ಹಾಕಿದೆ. ತಾಯಿಗೆ ಹುಷಾರಿಲ್ಲ ಎಂದು ಬರೆದೆ, ತಾಯಿ ಗಟ್ಟಿಯಾಗಿಯೇ ಇದ್ದಳು. ಮಾರ್ಚ್ ಮುಗಿಯುವುದರೊಳಗೆ ಬೀದರಕ್ಕೆ ಬಂದುಬಿಟ್ಟೆ. ಹೋಗುವ ದಿನ ಮಚ್ಛೇಂದ್ರ ಕೂಲಿಗೆ ಹೋಗಿದ್ದ. ಅವನು ಇರದ ಹೊತ್ತು ನೋಡಿಯೇ ನಾನು ಹೊರಟಿದ್ದೆ.

ಆರೇಳು ವರ್ಷದ ಮೇಲೆ ಭಾಲ್ಕಿ ಸ್ಟೇಷನ್ನಿನಲ್ಲಿ ಒಮ್ಮೆ ಸಿಕ್ಕ. ಬೆನ್ನ ಮೇಲೆ ತೊಗರಿಯ ಚೀಲ. ಚೀಲ ಇಳಿಸಿ, ಬೆವರು ಒರೆಸಿಕೊಂಡು, “ಆರಾಮ್ರಿ ಮಾಸ್ತರ?” ಎಂದು ನಿಜವಾದ ಅಕ್ಕರೆಯಿಂದ ಕೇಳಿದ. ನಾನು ಮಕ್ಕಳು ಮರಿ, ಮಳೆ ಬೆಳೆ ಎಂದು ಏನೇನೋ ಮಾತಾಡಿದೆ. ಮೀರಾ ಏನು ಮಾಡುತ್ತಿದ್ದಾಳೆ ಎಂದು ಕೇಳಲು ಧೈರ್ಯ ಬರಲಿಲ್ಲ. ಅವನೂ ಹೇಳಲಿಲ್ಲ. ಗಾಡಿ ಬಂತು, ಹತ್ತಿದೆ. ಮುಂದೆ ಅವನು ಸಂಸಾರ ಸಮೇತ ಬೀದರಕ್ಕೇ ಬಂದು, ಕೆಂಪುಕಲ್ಲು ಕಡಿಯುವ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತೇ ಆಗಲಿಲ್ಲ. ಅದೇ ಊರಿನಲ್ಲಿ, ನನ್ನ ಮನೆಯಿಂದ ಮೂರು ಮೈಲಿ ದೂರದಲ್ಲಿ, ಅವನು ಎಂಟು ವರ್ಷ ಇದ್ದ.

ಎಪ್ಪತ್ತನಾಲ್ಕರ ಶ್ರಾವಣದಲ್ಲಿ ಒಬ್ಬ ಹೆಂಗಸು ನನ್ನ ಮನೆಯ ಬಾಗಿಲಿಗೆ ಬಂದಳು. ಸೀರೆಯ ಅಂಚಿಗೆ, ಕಾಲಿಗೆ ಕೆಂಪು ಧೂಳು. “ನಾ ಮೀರಾ ರಿ. ಮಚ್ಛೇಂದ್ರನ ಮಗಳು” ಎಂದಳು. ಒಳಗೆ ಕರೆದೆ. ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕೂತಳು. ನನ್ನ ಹೆಂಡತಿ ಗಿರಿಜಾಬಾಯಿ ಚಹಾ ತಂದಿಟ್ಟು ಒಳಗೆ ಹೋದಳು.

“ಅಪ್ಪ ತೀರಿಕೊಂಡು ಎಂಟ ದಿನಾತ್ರಿ. ಎದಿಯಾಗ ಧೂಳ ತುಂಬಿತ್ತು. ಮಾಸ್ತರಿಗೆ ಖಬರ ಕೊಡು ಅಂದಿದ್ದ, ಯಾಕ ಅಂತ ಹೇಳಲಿಲ್ಲ.”

ಇಷ್ಟು ವರ್ಷ ತಪ್ಪಿಸಿಕೊಂಡ ಪ್ರಶ್ನೆಯನ್ನು ಕೇಳಿದೆ. ಎಷ್ಟು ಓದಿದೆ?

“ಎರಡನೇತ್ತ. ನೀವ್ ಹೋದ ಮರುವಾರನ ಹೊಸ ಮಾಸ್ತರ ನನ್ನ ಹೊರಗ ಕೂಡ್ಸಿದ್ರು. ಕಟ್ಟಿ ಮ್ಯಾಲ ಕೂಡಲಿಕ್ಕೆ ನಂದೇನ್ ತಕರಾರ ಇರಲಿಲ್ರಿ. ಮನಷ್ಯಾನ್ನ ಮುಳುಗಿಸಿದಾಂವನ ಮಗಳು ಅಂತ ಎಲ್ಲಾ ಹುಡುಗರು ಅಂತಿದ್ರು, ಅದ ತಡೀಲಿಲ್ಲ. ಬಿಟ್ಟೆ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅಷ್ಟ ದೊಡ್ಡ ಕೆಲಸ ಹ್ಯಾಂಗ ಮರತಿ ಅಂತ ಎಷ್ಟ ಸಲ ಅಪ್ಪಗ ಕೇಳೀನಿ. ಬೈದು ಕೇಳೀನಿ. ಸುಮ್ನ ಕೂಡ್ತಿದ್ದ. ಹಾವಗೆಪ್ಪನ ಹೆಂಡ್ತಿ ಹಣಿ ಕುಂಕುಮ ಅಳಸಿದಾಂವ ಅಂತ ನನಗ ಅವನ ಮಾರಿ ನೋಡಿದ್ರ ಸಿಟ್ಟ ಬರ್ತಿತ್ತು.”

ಆಗ ಹೇಳಿದೆ. ಕೋಲುಗಳನ್ನು ಕಿತ್ತವನು ನಾನು, ಕೆರೆ ಬಿಡಿರಿ ಎಂದವನು ನಾನು, ನಿನ್ನಪ್ಪ ಏನನ್ನೂ ಮರೆತಿರಲಿಲ್ಲ, ನೀನು ಒಳಗೆ ಕೂತು ಓದಬೇಕೆಂದು ಸುಳ್ಳು ಹೇಳಿದ, ಇರುತ್ತೇನೆಂದು ಮಾತು ಕೊಟ್ಟು ನಾನು ಓಡಿಬಂದೆ. ಎಲ್ಲವನ್ನೂ ಹೇಳಿದೆ. ಹದಿನೆಂಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ.

ಅವಳು ಅಳುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

“ಹೋದ ತಿಂಗಳು ಒಂದ ದಿನ ಕೆಮ್ಮು ಭಾಳಾಗಿ ನೀರ ಕೇಳಿದ್ನರಿ ಅಪ್ಪ,” ಎಂದಳು. “ನೀನೇ ಎದ್ದು ಕುಡಿ ಅಂದೆ. ಎದ್ದು ಕುಡಿದ.” ನನ್ನ ಮುಖವನ್ನು ಮೊದಲ ಸಲ ನೇರವಾಗಿ ನೋಡಿದಳು. “ಇದನ್ನ ನೀವ್ ಎಂಟ ದಿನದ ಹಿಂದ ಬಂದು ಹೇಳಿದ್ರೂ ಆಗ್ತಿತ್ರಿ ಮಾಸ್ತರ.”

ಚಹಾ ಮುಟ್ಟದೆ ಎದ್ದು ಹೋದಳು.